ಸಾಲದ ಲೆಕ್ಕ, ಕೋರ್ಟಿನ ಆಸೆ: ನಾನು ಲಾ ಕಾಲೇಜು ಆರಿಸಿಕೊಂಡ ಬಗೆ

2014ರ ಜೂನ್‌ನಲ್ಲಿ ನನ್ನ ಕೈಯಲ್ಲಿ ಎರಡು ಸೀಟಿದ್ದವು. ಒಂದು, ಕ್ಲಾಟ್ ಅನ್ನುವ ರಾಷ್ಟ್ರಮಟ್ಟದ ಕಾನೂನು ಪ್ರವೇಶ ಪರೀಕ್ಷೆ ಬರೆದು ಸಿಕ್ಕಿದ್ದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಸೀಟು, ಬೇರೆ ರಾಜ್ಯದಲ್ಲಿ. ಇನ್ನೊಂದು, ನಮ್ಮ ಜಿಲ್ಲಾ ಕೇಂದ್ರದ ಅನುದಾನಿತ ಲಾ ಕಾಲೇಜಿನದು. ಎರಡೂ ಐದು ವರ್ಷದ ಕೋರ್ಸು. ಎರಡರ ಕೊನೆಗೂ ಸಿಗುವುದು ಬಿ.ಎ. ಎಲ್‌ಎಲ್.ಬಿ. ಪದವಿಯೇ. ವಕೀಲರಾಗಿ ಹೆಸರು ನೋಂದಾಯಿಸಲು ಹೋದರೆ ಬಾರ್ ಕೌನ್ಸಿಲ್‌ನಲ್ಲಿ ಎರಡಕ್ಕೂ ಒಂದೇ ಬೆಲೆ.

ಖರ್ಚು ಮಾತ್ರ ಅಜಗಜಾಂತರ. ಮೊದಲನೆಯದಕ್ಕೆ ಫೀಸು, ಹಾಸ್ಟೆಲ್, ಊಟ, ರೈಲು ಚಾರ್ಜು ಎಲ್ಲ ಸೇರಿ ವರ್ಷಕ್ಕೆ ಎರಡು ಲಕ್ಷ ಬೇಕಿತ್ತು. ಎರಡನೆಯದಕ್ಕೆ ಇಡೀ ಐದು ವರ್ಷಕ್ಕೆ ಒಂದು ಲಕ್ಷವೂ ಆಗುತ್ತಿರಲಿಲ್ಲ. ಮನೆಯಲ್ಲೇ ಇದ್ದು ಬಸ್ ಪಾಸಿನಲ್ಲಿ ಓಡಾಡಬಹುದಿತ್ತು.

ಕೊನೆಗೆ ನಾನು ಎರಡನೆಯದಕ್ಕೆ ಸೇರಿದೆ. ಆ ತೀರ್ಮಾನಕ್ಕೆ ಹೇಗೆ ಬಂದೆ, ಅದರಿಂದ ಏನು ಸಿಕ್ಕಿತು, ಏನು ಕಳೆದುಕೊಂಡೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಪ್ರತಿ ವರ್ಷ ಸೀಟು ಹಂಚಿಕೆಯ ಹೊತ್ತಿಗೆ ಯಾರಾದರೂ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಫೋನಿನಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ.

ಆಗ ಸಲಹೆಗೆ ಬರ ಇರಲಿಲ್ಲ. ಪಿಯು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು, "ಇಂಥ ಸೀಟನ್ನ ಯಾರಾದ್ರೂ ಬಿಡ್ತಾರೇನಮ್ಮಾ?" ಅಂದರು. ಸೋದರಮಾವ, "ಹೆಣ್ಣುಮಗಳು, ಅಷ್ಟು ದೂರ ಯಾಕೆ?" ಅಂದರು. ಈ ಎರಡೂ ಮಾತು ನನಗೆ ಉಪಯೋಗಕ್ಕೆ ಬರಲಿಲ್ಲ. ಒಬ್ಬರು ಕಾಲೇಜಿನ ಹೆಸರು ನೋಡುತ್ತಿದ್ದರು, ಇನ್ನೊಬ್ಬರು ದೂರ ನೋಡುತ್ತಿದ್ದರು. ನಾನು ಏನಾಗಬೇಕು ಅಂದುಕೊಂಡಿದ್ದೇನೆ ಅಂತ ಇಬ್ಬರೂ ಕೇಳಲಿಲ್ಲ. ಅಪ್ಪ ಮಾತ್ರ ಒಂದು ರಾತ್ರಿ ಬೀರುವಿನಿಂದ ಮನೆಯ ಕ್ರಯಪತ್ರ ತೆಗೆದು ಮುಂದಿಟ್ಟರು. "ಸಾಲ ಮಾಡೋಣ ಪುಟ್ಟಿ. ಇದನ್ನ ಬ್ಯಾಂಕಿಗೆ ಕೊಡ್ತೀನಿ. ನೀನು ಎಲ್ಲಿ ಅಂತೀಯೋ ಅಲ್ಲಿ" ಅಂದರು. ಹಳದಿ ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕಾಗಿ ಮಡಚಿಟ್ಟಿದ್ದ ಛಾಪಾ ಕಾಗದ ಅದು. ಮಡಿಕೆಯ ಕಡೆ ಹರಿದಿತ್ತು. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು, ನಿವೃತ್ತಿಗೆ ಆರು ವರ್ಷ ಉಳಿದಿತ್ತು. ಆ ಕಾಗದ ನೋಡಿದ ಮೇಲೆ ಇದು ನನ್ನೊಬ್ಬಳ ಆಯ್ಕೆ ಅಲ್ಲ ಅನ್ನಿಸಿತು.

ಮರುದಿನ ಇಬ್ಬರೂ ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಕೂರಿಸಿಕೊಂಡು ಬಿಡಿಸಿ ಹೇಳಿದರು. ಶಿಕ್ಷಣ ಸಾಲ 4 ಲಕ್ಷದವರೆಗೆ ಅಡಮಾನವೂ ಬೇಡ, ಜಾಮೀನೂ ಬೇಡ. ಅಲ್ಲಿಂದ ಏಳೂವರೆ ಲಕ್ಷದವರೆಗೆ ಒಬ್ಬರ ಜಾಮೀನು ಬೇಕು. ಅದಕ್ಕೂ ಮೇಲೆ ಹೋದರೆ ಆಸ್ತಿ ಪತ್ರ ಇಡಬೇಕು. ಓದುವ ಐದು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಇದನ್ನು ಕೇಳಿ ಅಪ್ಪನ ಮುಖ ಅರಳಿತು. ಆದರೆ ಆ ಆರೂ ವರ್ಷ ಬಡ್ಡಿ ಓಡುತ್ತಲೇ ಇರುತ್ತದೆ. ಅದನ್ನು ನಾನು ಎರಡನೇ ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಮನೆಗೆ ಬಂದು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಲೆಕ್ಕ ಹಾಕಿದೆ. ಬಡ್ಡಿ ದರ ಶೇ 12. ವರ್ಷಕ್ಕೆ 2 ಲಕ್ಷದಂತೆ ಐದು ವರ್ಷಕ್ಕೆ ಅಸಲು 10 ಲಕ್ಷ. ಮೊದಲ ವರ್ಷ ತೆಗೆದ 2 ಲಕ್ಷದ ಮೇಲೆ ಆರು ವರ್ಷ ಬಡ್ಡಿ, ಎರಡನೇ ವರ್ಷದ್ದಕ್ಕೆ ಐದು ವರ್ಷ, ಹೀಗೆ ಇಳಿಯುತ್ತಾ ಕೊನೆಯದಕ್ಕೆ ಎರಡು ವರ್ಷ. ಚಕ್ರಬಡ್ಡಿ ಇಲ್ಲದೆ ಬರೀ ಸಾದಾ ಬಡ್ಡಿಯೇ 4 ಲಕ್ಷ 80 ಸಾವಿರ. ಕಂತು ಶುರುವಾಗುವ ದಿನ ತಲೆಯ ಮೇಲೆ 14 ಲಕ್ಷ 80 ಸಾವಿರ. ಹತ್ತು ವರ್ಷದಲ್ಲಿ ತೀರಿಸಬೇಕು ಅಂದರೆ ತಿಂಗಳ ಕಂತು ಸುಮಾರು 21,000 ರೂಪಾಯಿ. ಆ ಸಂಖ್ಯೆಗೆ ಸುತ್ತು ಹಾಕಿದೆ. ನನ್ನ ಮುಂದಿದ್ದ ಪ್ರಶ್ನೆ ಈಗ ಸ್ಪಷ್ಟವಾಗಿತ್ತು. 2020ರ ನಡುವಿನಿಂದ ಪ್ರತಿ ತಿಂಗಳು 21,000 ಕಟ್ಟುವ ಕೆಲಸ ನಾನು ಮಾಡಬೇಕು ಅಂದುಕೊಂಡಿರುವ ಕೆಲಸವೇನಾ?

ನಾನು ಮಾಡಬೇಕು ಅಂದುಕೊಂಡಿದ್ದು ಜಿಲ್ಲಾ ನ್ಯಾಯಾಲಯದಲ್ಲಿ ವಕಾಲತ್ತು. ಇದಕ್ಕೆ ಕಾರಣ ನನ್ನ ಅಜ್ಜಿ. ಅವರ ಆಸ್ತಿ ವಿಭಾಗದ ದಾವೆ ಹದಿನಾಲ್ಕು ವರ್ಷ ನಡೆಯಿತು. ಶಾಲೆಗೆ ರಜೆ ಇದ್ದಾಗ ನಾನೂ ಅವರ ಜೊತೆ ಕೋರ್ಟಿಗೆ ಹೋಗುತ್ತಿದ್ದೆ. ಅಜ್ಜಿ ಸಾಕ್ಷಿ ಕಟಕಟೆಯಲ್ಲಿ ನಿಂತು, ಎದುರು ವಕೀಲರ ಪಾಟೀ ಸವಾಲಿಗೆ ತಡವರಿಸಿದ್ದನ್ನು ನೋಡಿದ್ದೆ. ಅವರಿಗೆ ಪ್ರಶ್ನೆ ಅರ್ಥ ಆಗಿರಲಿಲ್ಲ, ಸುಮ್ನೆ "ಹೂಂ" ಅಂದುಬಿಟ್ಟಿದ್ದರು. ಆ ಒಂದು "ಹೂಂ" ಸರಿಮಾಡಲು ನಮ್ಮ ವಕೀಲರು ಆಮೇಲೆ ಪಟ್ಟ ಪಾಡನ್ನೂ ನೋಡಿದ್ದೆ. ಇಂಥ ಜನರ ಪಕ್ಕ ನಿಲ್ಲುವ ವಕೀಲೆಯಾಗಬೇಕು, ಸಾಧ್ಯವಾದರೆ ಮುಂದೆ ಸಿವಿಲ್ ಜಡ್ಜ್ ಪರೀಕ್ಷೆಯನ್ನೂ ಬರೆಯಬೇಕು ಅನ್ನುವುದು ನನ್ನ ಆಸೆ. ದೊಡ್ಡ ಕಂಪನಿಗಳ ಒಪ್ಪಂದ ಬರೆಯುವ ಕೆಲಸದ ಬಗ್ಗೆ ನನಗೆ ಅಸಡ್ಡೆ ಏನೂ ಇರಲಿಲ್ಲ. ಅದು ನನ್ನನ್ನು ಕರೆಯಲಿಲ್ಲ, ಅಷ್ಟೆ.

ಹದಿನೇಳು ವರ್ಷದ ಹುಡುಗಿಯ ಆಸೆಯನ್ನು ನಂಬಿ ಇಷ್ಟು ದೊಡ್ಡ ತೀರ್ಮಾನ ಮಾಡಬಹುದಾ? ಈ ಅನುಮಾನ ನನಗೂ ಇತ್ತು. ಹಾಗಾಗಿ ಹದಿನೈದು ದಿನ ತೆಗೆದುಕೊಂಡು ಎರಡು ಕೆಲಸ ಮಾಡಿದೆ. ಈಗ ಯಾರೇ ಕೇಳಿದರೂ ಮೊದಲು ಇವೆರಡನ್ನು ಮಾಡಿ ಅಂತಲೇ ಹೇಳುತ್ತೇನೆ.

ಮೊದಲನೆಯದು, ದಿನಾ ಬೆಳಿಗ್ಗೆ ಹತ್ತೂವರೆಗೆ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಕೋರ್ಟು ತೆರೆದ ಸ್ಥಳ, ಯಾರು ಬೇಕಾದರೂ ಹೋಗಿ ಕೂರಬಹುದು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಜೂನಿಯರ್ ವಕೀಲರನ್ನು ಮಾತಾಡಿಸಿದೆ. ಒಟ್ಟು ಹನ್ನೊಂದು ಜನ. "ಅಣ್ಣಾ, ಅಕ್ಕಾ, ತಪ್ಪು ತಿಳೀಬೇಡಿ, ಮೊದಲ ವರ್ಷ ನಿಮಗೆ ತಿಂಗಳಿಗೆ ಎಷ್ಟು ಸಿಕ್ತು?" ಅಂತ ನೇರವಾಗಿ ಕೇಳಿದೆ. ಏಳು ಜನರಿಗೆ ತಿಂಗಳ ಲೆಕ್ಕದಲ್ಲಿ ಏನೂ ಇರಲಿಲ್ಲ. ಸೀನಿಯರ್ ಹಬ್ಬಕ್ಕೋ, ಕೇಸು ಗೆದ್ದಾಗಲೋ ಕೈಗೆ ಒಂದಿಷ್ಟು ಹಾಕುತ್ತಿದ್ದರು. ಉಳಿದವರಿಗೆ ಎರಡರಿಂದ ಐದು ಸಾವಿರ. ಒಬ್ಬ ಅಕ್ಕ ಮಾತ್ರ ಟೀ ಲೋಟ ಕೆಳಗಿಟ್ಟು ನನ್ನನ್ನೇ ಕೇಳಿದರು, "ನಿಮ್ಮನೇಲಿ ಮೂರು ವರ್ಷ ನಿನ್ನ ಸಂಪಾದನೆ ಇಲ್ಲದೆ ನಡೆಯುತ್ತಾ?" ಆ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ 21,000ದ ಕೆಳಗೆ ಬರೆದುಕೊಂಡೆ.

ಎರಡನೆಯದು, ಆ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ, ಓದಿ ಮುಗಿಸಿದ್ದ ನಾಲ್ಕು ಜನರನ್ನು ಹುಡುಕಿ ಫೋನ್ ಮಾಡಿದೆ. ಅತಿ ದೊಡ್ಡ ಪ್ಯಾಕೇಜ್ ಎಷ್ಟು ಅಂತ ಕೇಳಲಿಲ್ಲ. ಅದು ಕ್ಲಾಸಿನ ಮೊದಲ ಮೂರ್ನಾಲ್ಕು ಜನರ ಕಥೆ. ಸರಾಸರಿಯೂ ಅಷ್ಟೆ, ಇಬ್ಬರ ದೊಡ್ಡ ಸಂಬಳ ಇಡೀ ಸರಾಸರಿಯನ್ನು ಮೇಲೆತ್ತಿಬಿಡುತ್ತದೆ. ನಾನು ಕೇಳಿದ್ದು ಬೇರೆ. "ನಿಮ್ಮ ಕ್ಲಾಸಿನಲ್ಲಿ ಮಧ್ಯದ ಸಾಲಿನಲ್ಲಿದ್ದವರು ಈಗ ಎಲ್ಲಿದ್ದಾರೆ? ಜಿಲ್ಲಾ ಕೋರ್ಟಿಗೆ ಎಷ್ಟು ಜನ ಹೋದರು? ಹೋದವರು ಸಾಲ ಮಾಡಿದ್ದವರಾ?" ಉತ್ತರಗಳು ಪ್ರಾಮಾಣಿಕವಾಗಿದ್ದವು. ಮೇಲಿನ ಸಾಲಿನವರು ದೊಡ್ಡ ಲಾ ಫರ್ಮ್‌ಗಳಲ್ಲಿದ್ದರು. ಮಧ್ಯದವರು ಬ್ಯಾಂಕು, ಕಂಪನಿಗಳ ಕಾನೂನು ವಿಭಾಗ, ಸಣ್ಣ ಫರ್ಮ್‌ಗಳಲ್ಲಿದ್ದರು. ಜಿಲ್ಲಾ ಕೋರ್ಟಿಗೆ ಹೋಗಿದ್ದ ಇಬ್ಬರೂ ವಕೀಲರ ಮನೆತನದವರು. ಅಪ್ಪನ ಆಫೀಸು, ಅಪ್ಪನ ಕಕ್ಷಿದಾರರು ಕಾಯುತ್ತಿದ್ದರು. ಸಾಲ ಮಾಡಿ ಓದಿ, ಯಾರೂ ಗೊತ್ತಿಲ್ಲದ ಕೋರ್ಟಿಗೆ ಜೂನಿಯರ್ ಆಗಿ ಹೋದವರು ಆ ನಾಲ್ವರಿಗೂ ನೆನಪಾಗಲಿಲ್ಲ.

ಅಲ್ಲಿಗೆ ಕಣ್ಣಿಗೆ ಕಂಡಿತು. ಆ ಸಾಲ ಮಾಡಿದರೆ ನಾನು ಹೋಗಬೇಕಾದ ಕೆಲಸವನ್ನು ಸಾಲವೇ ಆರಿಸುತ್ತದೆ. ಒಳ್ಳೆಯ ಕಾಲೇಜು ಎಲ್ಲ ಬಾಗಿಲನ್ನೂ ತೆರೆದಿಡುತ್ತದೆ ಅನ್ನುತ್ತಾರೆ. ಬಹಳಷ್ಟು ಮಟ್ಟಿಗೆ ನಿಜ. ಆದರೆ 21,000 ಕಂತು ಒಂದು ಬಾಗಿಲನ್ನು ಮುಚ್ಚುತ್ತದೆ. ಅದು ಐದು ಸಾವಿರ ಸಿಗುವ ಕಡೆಯ ಬಾಗಿಲು. ನನಗೆ ಬೇಕಿದ್ದದ್ದು ಅದೇ.

ಇನ್ನೊಂದು ವಿಷಯವೂ ತೂಗಿತು. ಬೇರೆ ರಾಜ್ಯದಲ್ಲಿ ಐದು ವರ್ಷ ಇದ್ದರೆ ಅಲ್ಲಿನ ಕೋರ್ಟಿನ ಭಾಷೆ ಬೇರೆ, ಅಲ್ಲಿನ ಕಂದಾಯ ದಾಖಲೆಗಳು ಬೇರೆ. ನಮ್ಮಲ್ಲಿ ಪಹಣಿ, ಮ್ಯುಟೇಶನ್, ಸರ್ವೆ ಸ್ಕೆಚ್ ಓದಲು ಬಾರದವರು ಸಿವಿಲ್ ಕೇಸು ನಡೆಸಲಾರರು. ಕರ್ನಾಟಕದ ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವ ಒಂದು ಪತ್ರಿಕೆಯೇ ಇದೆ. ಇವೆಲ್ಲ ಇಲ್ಲಿದ್ದುಕೊಂಡೇ ಕೈಗೆ ಹತ್ತಬೇಕಾದ ವಿದ್ಯೆ.

ಕ್ರಯಪತ್ರ ಮತ್ತೆ ಬೀರುವಿಗೆ ಹೋಯಿತು. ಅಪ್ಪ ಏನೂ ಹೇಳಲಿಲ್ಲ. ಅವರಿಗೆ ಸಮಾಧಾನ ಆಯಿತೋ, ಬೇಜಾರಾಯಿತೋ ಇವತ್ತಿಗೂ ಗೊತ್ತಿಲ್ಲ.

ಈಗ ಕಳೆದುಕೊಂಡದ್ದರ ಲೆಕ್ಕ. ಇದನ್ನು ಮುಚ್ಚಿಟ್ಟರೆ ಕೇಳುವವರಿಗೆ ಮೋಸ ಮಾಡಿದ ಹಾಗೆ. ಕಾಲೇಜಿನ ಗ್ರಂಥಾಲಯದಲ್ಲಿ ಕಾನೂನು ವರದಿಗಳ ಸಂಪುಟಗಳು ಅರ್ಧಕ್ಕೇ ನಿಂತಿದ್ದವು. ಮೂಟ್ ಕೋರ್ಟ್, ಅಂದರೆ ವಾದ ಮಂಡಿಸಿ ಕಲಿಯುವ ಅಣಕು ಕೋರ್ಟು, ವರ್ಷಕ್ಕೊಮ್ಮೆ, ಹಾಜರಾತಿಗಾಗಿ. ಕೆಲವು ಮೇಷ್ಟ್ರು ಬಹಳ ಚೆನ್ನಾಗಿ ಪಾಠ ಮಾಡುತ್ತಿದ್ದರು, ಕೆಲವು ವಿಷಯಗಳಿಗೆ ಇಡೀ ಸೆಮಿಸ್ಟರ್ ಯಾರೂ ಬರಲಿಲ್ಲ. ಎಲ್ಲಕ್ಕಿಂತ ದೊಡ್ಡ ನಷ್ಟ ಜೊತೆಯವರದು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ನಮ್ಮ ಪಕ್ಕ ಕೂರುವವರು ನಾಳೆ ಸುಪ್ರೀಂ ಕೋರ್ಟಿನಲ್ಲಿ, ದೊಡ್ಡ ಫರ್ಮ್‌ಗಳಲ್ಲಿ, ವಿದೇಶದಲ್ಲಿ ಇರುತ್ತಾರೆ. ಒಂದು ಫೋನಿಗೆ ಸಿಗುತ್ತಾರೆ. ನನಗೆ ಆ ಬಳಗ ಇಲ್ಲ. ಒಮ್ಮೆ ಒಂದು ಮೇಲ್ಮನವಿಗೆ ದೆಹಲಿಯಲ್ಲಿ ಒಳ್ಳೆಯ ವಕೀಲರನ್ನು ಹುಡುಕಲು ಎರಡು ವಾರ ಒದ್ದಾಡಿದೆ. ಅವತ್ತು ಇದು ಚೆನ್ನಾಗಿ ಅರಿವಾಯಿತು. ಮತ್ತೆ ದೊಡ್ಡ ಲಾ ಫರ್ಮ್‌ಗಳು ನಮ್ಮಂಥ ಕಾಲೇಜಿಗೆ ಆಳು ಹುಡುಕಿಕೊಂಡು ಬರುವುದೇ ಇಲ್ಲ. ನಾಲ್ಕನೇ ವರ್ಷದಲ್ಲಿ ನನ್ನ ಮನಸ್ಸು ಬದಲಾಗಿದ್ದರೆ ಆ ಕಡೆ ಹೋಗುವುದು ಬಹಳ ಕಷ್ಟವಾಗುತ್ತಿತ್ತು. ಕಡಿಮೆ ಖರ್ಚಿನ ಕಾಲೇಜಿಗೂ ಅದರದ್ದೇ ಬೆಲೆ ಇದೆ, ಅದನ್ನು ದುಡ್ಡಿನಲ್ಲಿ ಕಟ್ಟುವುದಿಲ್ಲ ಅಷ್ಟೆ.

ಈ ಕೊರತೆಗಳನ್ನು ಕೈಲಾದಷ್ಟು ತುಂಬಿಕೊಂಡೆ. ತೀರ್ಪುಗಳನ್ನು ಇಂಡಿಯನ್ ಕಾನೂನ್ ಜಾಲತಾಣದಲ್ಲಿ ಓದಿದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ವಾರಕ್ಕೆ ಒಂದು ತೀರ್ಪು ಪೂರ್ತಿ ಓದಿ, ಒಂದು ಪುಟದಲ್ಲಿ ಕನ್ನಡದಲ್ಲಿ ಬರೆಯುವುದು ನನಗೆ ನಾನೇ ಹಾಕಿಕೊಂಡ ನಿಯಮ. ಮೂರನೇ ವರ್ಷದ ಹೊತ್ತಿಗೆ ಅದು ಇಂಗ್ಲಿಷಿನಲ್ಲಿ ಆಯಿತು. ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಆಗಬೇಕು ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮ ಹೇಳುತ್ತದೆ. ಬಹಳ ಜನ ಇದಕ್ಕೆ ಒಂದು ಸರ್ಟಿಫಿಕೇಟ್ ತಂದು ಕೈತೊಳೆದುಕೊಳ್ಳುತ್ತಾರೆ. ನನಗೆ ಕೋರ್ಟು ನಡೆದು ಹೋಗುವ ದೂರದಲ್ಲಿತ್ತು. ಎರಡನೇ ವರ್ಷದಿಂದಲೇ ಕ್ಲಾಸು ಮುಗಿದ ಮೇಲೆ ಒಬ್ಬ ಸೀನಿಯರ್ ಆಫೀಸಿಗೆ ಹೋಗತೊಡಗಿದೆ.

ಅಲ್ಲಿ ಮೊದಲ ದಿನ ಅವರು ಒಂದು ಸಾಕ್ಷಿ ಹೇಳಿಕೆಯ ನಕಲು ಕೊಟ್ಟು, "ಇದನ್ನ ಇಂಗ್ಲಿಷಿಗೆ ಮಾಡಮ್ಮಾ" ಅಂದರು. ಪಾಟೀ ಸವಾಲಿನ ಭಾಗ. ಒಂದು ಸಾಲು ಹೀಗಿತ್ತು: "ದಾವಾ ಸ್ವತ್ತು ನನ್ನ ಸ್ವಾಧೀನದಲ್ಲಿ ಇಲ್ಲ ಎಂದರೆ ಸರಿಯಲ್ಲ." ನಾನು, ಸ್ವತ್ತು ಸಾಕ್ಷಿಯ ಸ್ವಾಧೀನದಲ್ಲಿ ಇಲ್ಲ, ಅದು ಸರಿಯಲ್ಲ ಅನ್ನುವ ಅರ್ಥ ಬರುವ ಹಾಗೆ ಎರಡು ವಾಕ್ಯ ಮಾಡಿದ್ದೆ. ಸೀನಿಯರ್ ಪೆನ್ಸಿಲ್ ಹಿಡಿದು "ಎಂದರೆ ಸರಿಯಲ್ಲ" ಅನ್ನುವುದರ ಕೆಳಗೆ ಗೆರೆ ಎಳೆದರು. "ಇಲ್ಲಿ ಎದುರು ವಕೀಲರು ಪ್ರಶ್ನೆ ಕೇಳಿದಾರೆ. ಸ್ವತ್ತು ನಿನ್ನ ಸ್ವಾಧೀನದಲ್ಲಿಲ್ಲ ಅಲ್ವಾ, ಅಂತ. ಸಾಕ್ಷಿ ಅಲ್ಲಗಳೆದಿದಾನೆ. ಪ್ರಶ್ನೆ, ಉತ್ತರ ಎರಡೂ ಸೇರಿ ಒಂದೇ ವಾಕ್ಯ ಆಗಿದೆ. ಅಂದ್ರೆ ಸ್ವಾಧೀನ ನನ್ನದೇ ಅಂತ ಅವನು ಹೇಳ್ತಿದಾನೆ. ನೀನು ಬರೆದಿದ್ದು ಓದಿದ್ರೆ ಅವನು ಕೇಸು ಬಿಟ್ಟುಕೊಟ್ಟ ಹಾಗಿದೆ" ಅಂದರು. ಅಜ್ಜಿಯ "ಹೂಂ" ನೆನಪಾಯಿತು. ಆ ಪೆನ್ಸಿಲ್ ಗೆರೆಯಲ್ಲಿ ಕಲಿತದ್ದನ್ನು ಯಾವ ಕ್ಲಾಸೂ ಕಲಿಸಿರಲಿಲ್ಲ. ಸಿವಿಲ್ ಜಡ್ಜ್ ಪರೀಕ್ಷೆಯನ್ನು ಮುಂದೆ ಒಮ್ಮೆ ಬರೆದೆ, ಮುಖ್ಯ ಪರೀಕ್ಷೆ ದಾಟಲಿಲ್ಲ. ಆದರೆ ಅನುವಾದದ ಪತ್ರಿಕೆಯಲ್ಲಿ ನನಗೆ ಒಂದು ಸಾಲೂ ಕಷ್ಟವಾಗಲಿಲ್ಲ.

2019ರಲ್ಲಿ ಪದವಿ ಮುಗಿಯಿತು. ಅದೇ ಆಫೀಸಿನಲ್ಲಿ ತಿಂಗಳಿಗೆ ಐದು ಸಾವಿರಕ್ಕೆ ಜೂನಿಯರ್ ಆದೆ. ವಕೀಲರು ಪಾಸಾಗಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಯೂ ಆಯಿತು. ಕರಿ ಕೋಟು ಹಾಕಿಕೊಂಡು ಮುದ್ದತ್ತು (ಕೇಸು ಮುಂದೂಡಿಕೆ) ಕೇಳುವುದು, ಬೆಂಚ್ ಕ್ಲರ್ಕ್ ಹತ್ತಿರ ಮುಂದಿನ ದಿನಾಂಕ ಬರೆದುಕೊಳ್ಳುವುದು, ನಕಲು ಅರ್ಜಿ ಹಾಕುವುದು, ಇದೇ ಕೆಲಸ. ಆರು ತಿಂಗಳಾಗುವಷ್ಟರಲ್ಲಿ 2020ರ ಮಾರ್ಚ್ ಬಂತು. ಲಾಕ್‌ಡೌನ್. ಕೋರ್ಟುಗಳ ದಿನನಿತ್ಯದ ಕಲಾಪ ನಿಂತುಹೋಯಿತು. ಸಂಬಳ ಇರುವವರಿಗೆ ಕೆಲಸ ಮನೆಗೆ ಬಂತು, ವಕೀಲರಿಗೆ ಕೆಲಸವೇ ಇಲ್ಲವಾಯಿತು. ಸೀನಿಯರ್ ಕೈಯೂ ಬರಿದಾಗಿತ್ತು, ಆದರೂ ಪ್ರತಿ ತಿಂಗಳು ಎರಡೂವರೆ ಸಾವಿರ ಕಳಿಸಿದರು. ಅವರ ಋಣ ದೊಡ್ಡದು.

ಆ ಜೂನ್‌ನಲ್ಲಿ ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಸುತ್ತು ಹಾಕಿದ 21,000 ಹಾಗೇ ಇತ್ತು. ಸಾಲ ಮಾಡಿದ್ದರೆ ಮೊದಲ ಕಂತು ಅದೇ ಹೊತ್ತಿಗೆ ಬರಬೇಕಿತ್ತು. ರಿಸರ್ವ್ ಬ್ಯಾಂಕ್ ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು, ನಿಜ. ಬಡ್ಡಿ ನಿಂತಿರಲಿಲ್ಲ. ಸೆಪ್ಟೆಂಬರಿನಲ್ಲಿ ನಾನು ಕೋರ್ಟು ಬಿಟ್ಟು ಎಲ್ಲಿ ಸಂಬಳ ಸಿಗುತ್ತದೋ ಅಲ್ಲಿಗೆ ಹೋಗಬೇಕಾಗುತ್ತಿತ್ತು. ಒಂದು ಸಲ ಹಾಗೆ ಹೋದರೆ ವಾಪಸ್ಸು ಬರುವುದು ಸುಲಭ ಅಲ್ಲ. ಪೂರ್ಣಾವಧಿ ಸಂಬಳದ ನೌಕರಿಗೆ ಸೇರಿದವರು ವಕಾಲತ್ತು ಅಮಾನತು ಮಾಡಿಸಬೇಕು, ಬಾರ್ ಕೌನ್ಸಿಲ್ ನಿಯಮ ಹಾಗಿದೆ. ನನಗೆ ಪರಿಚಯದ ಒಬ್ಬಳು ಇದ್ದಾಳೆ. ನನ್ನದೇ ವಯಸ್ಸು, ನಾನು ಬಿಟ್ಟಂಥ ಸೀಟನ್ನೇ ಅವಳು ತೆಗೆದುಕೊಂಡಳು. ನನಗಿಂತ ಜಾಣೆ, ಕೋರ್ಟಿನಲ್ಲಿ ಮಾತಾಡಬೇಕು ಅನ್ನುವ ಹಂಬಲ ನನಗಿಂತ ಜಾಸ್ತಿ ಇತ್ತು. ಸಾಲ ತೀರಿಸಲು ಎರಡು ವರ್ಷ ಅಂತ ಕಂಪನಿಗೆ ಸೇರಿದಳು. ಈಗ ಆರು ವರ್ಷ ಆಯಿತು. ಅವಳ ವಿಷಯ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಂತ ಎಲ್ಲರೂ ಹತ್ತಿರದ ಕಾಲೇಜಿಗೆ ಸೇರಿ ಅಂತ ನಾನು ಹೇಳುವುದಿಲ್ಲ. ನನ್ನ ಚಿಕ್ಕಪ್ಪನ ಮಗಳು 2019ರಲ್ಲಿ ಸಾಲ ಮಾಡಿಯೇ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೆ ಹೋದಳು. ಹೋಗು ಅಂತ ಹೇಳಿದವಳು ನಾನೇ. ಅವಳಿಗೆ ಮೊದಲಿಂದ ಕಂಪನಿ ಕಾನೂನು, ಲೆಕ್ಕ, ತೆರಿಗೆ ಅಂದರೆ ಇಷ್ಟ. ಕೋರ್ಟಿಗೆ ಎರಡು ದಿನ ಕರೆದುಕೊಂಡು ಹೋದೆ, "ಅಕ್ಕಾ, ಇದು ನನಗಲ್ಲ" ಅಂದಳು. ಅವಳು ಬಯಸಿದ ಕೆಲಸ ಸಿಗುವ ದಾರಿ ಆ ಕಾಲೇಜುಗಳ ಮೂಲಕವೇ ಹೋಗುತ್ತದೆ. ಅಲ್ಲಿ ನಾಲ್ಕನೇ ವರ್ಷದ ಹೊತ್ತಿಗೇ ಫರ್ಮ್‌ಗಳು ಬಂದು ಆರಿಸಿಕೊಳ್ಳುತ್ತವೆ, ಇಂಟರ್ನ್‌ಶಿಪ್ ಮಾಡಿದ ಕಡೆಯೇ ಕೆಲಸ ಸಿಗುತ್ತದೆ. ದೊಡ್ಡ ಫರ್ಮ್‌ಗಳ ಮೊದಲ ವರ್ಷದ ಸಂಬಳವೇ ಹತ್ತು ಲಕ್ಷಕ್ಕಿಂತ ಜಾಸ್ತಿ. ಕಂತು ಅಲ್ಲಿಂದ ಹೋಗುತ್ತದೆ. ನಾವಿಬ್ಬರೂ ಕೂತು ಲೆಕ್ಕ ಹಾಕಿದಾಗ ಅವಳಿಗೆ ನಾನು ಹಾಕಿದ ಷರತ್ತು ಒಂದೇ. ಕ್ಲಾಸಿನ ಮಧ್ಯದಲ್ಲಿ ನಿಂತರೂ, ಮೇಲಿನ ಸಾಲಿಗೆ ಹೋಗದಿದ್ದರೂ ಕಂತು ಕಟ್ಟುವಷ್ಟು ಸಂಬಳ ಬರುತ್ತಾ ಅಂತ ನೋಡು. ಬರುವ ಹಾಗಿತ್ತು. ಹೊಸದಾಗಿ ಶುರುವಾದ ವಿಶ್ವವಿದ್ಯಾಲಯಗಳಲ್ಲಿ ಫೀಸು ಹಳೆಯವುಗಳಷ್ಟೇ ಇರುತ್ತದೆ, ಬರುವ ಫರ್ಮ್‌ಗಳು ಅಷ್ಟಿರುವುದಿಲ್ಲ. ಅಲ್ಲಿ ಈ ಲೆಕ್ಕ ತಪ್ಪುವ ಸಂಭವ ಜಾಸ್ತಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಂಥ, 1988ರಿಂದ ಪಾಠ ನಡೆಸಿಕೊಂಡು ಬಂದಿರುವ ಸಂಸ್ಥೆಯ ಲೆಕ್ಕವನ್ನು ಹೊಸದೊಂದರ ಮೇಲೆ ಹೇರಲು ಆಗುವುದಿಲ್ಲ. ಹೆಸರಿನಲ್ಲಿ "ರಾಷ್ಟ್ರೀಯ" ಅಂತ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ನಾನು ಸೇರಿದಾಗಿನಿಂದ ಕೆಲವು ಸಂಗತಿ ಬದಲಾಗಿವೆ. ಇವು ಲೆಕ್ಕವನ್ನೇ ಅಲುಗಾಡಿಸುವಂಥವು. ನ್ಯಾಷನಲ್ ಲಾ ಸ್ಕೂಲಿನಲ್ಲಿ ಈಗ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸಮತಲ ಮೀಸಲಾತಿ (ಪ್ರತಿ ವರ್ಗದ ಸೀಟುಗಳ ಒಳಗೇ ಸಿಗುವ ಪಾಲು) ಇದೆ. 2022ರಿಂದ ಅಲ್ಲಿ ಮೂರು ವರ್ಷದ ಎಲ್‌ಎಲ್.ಬಿ. ಕೂಡ ಇದೆ. ಊರಿನಲ್ಲೇ ಡಿಗ್ರಿ ಮುಗಿಸಿ, ಮನಸ್ಸು ಗಟ್ಟಿಯಾದ ಮೇಲೆ ಮೂರು ವರ್ಷಕ್ಕೆ ಮಾತ್ರ ದೊಡ್ಡ ಫೀಸು ಕಟ್ಟುವ ದಾರಿ ಇದು. ನನ್ನ ಕಾಲಕ್ಕೆ ಇದಿದ್ದಿದ್ದರೆ ಖಂಡಿತ ಯೋಚಿಸುತ್ತಿದ್ದೆ. ಐದು ವರ್ಷ ಹತ್ತಿರದ ಕಾಲೇಜಿನಲ್ಲಿ ಓದಿ, ಆಮೇಲೆ ಕ್ಲಾಟ್ ಮೂಲಕ ಒಂದು ವರ್ಷದ ಎಲ್‌ಎಲ್.ಎಂ. ಮಾಡಿಕೊಂಡು ಬಂದವರೂ ನಮ್ಮ ವಕೀಲರ ಸಂಘದಲ್ಲಿದ್ದಾರೆ.

ಸಾಲದ ಕಡೆ, ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಸೇರಿದರೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವವರೆಗೆ ಶೇ 3ರಷ್ಟು ಬಡ್ಡಿ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಅಪ್ಪನಂಥವರು ಕ್ರಯಪತ್ರ ತೆಗೆಯಬೇಕಾಗಿಲ್ಲ. ಇದು ದೊಡ್ಡ ಮಾತು. ಆದರೆ ಅಡಮಾನ ತಪ್ಪಿತು ಅಂದರೆ ಕಂತು ತಪ್ಪಿತು ಅಂತಲ್ಲ. ಫೀಸು ರಿಯಾಯಿತಿ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಇದೆ, ಕೇಳದೆ ಕೊಡುವುದಿಲ್ಲ. ಬಡ ಮನೆಯ ಮಕ್ಕಳನ್ನು ಕ್ಲಾಟ್‌ಗೆ ತಯಾರು ಮಾಡಿ, ಓದಿಗೂ ನೆರವಾಗುವ ಐಡಿಐಎ ಅನ್ನುವ ಸಂಸ್ಥೆ ಇದೆ. ಪ್ರೊಫೆಸರ್ ಶಮ್ನಾಡ್ ಬಷೀರ್ 2010ರಲ್ಲಿ ಕಟ್ಟಿದ್ದು. ಹತ್ತನೇ ತರಗತಿ ಮುಗಿದಾಗಲೇ ಇದರ ಬಗ್ಗೆ ಯಾರಾದರೂ ಹೇಳಿದ್ದರೆ ಅನ್ನಿಸುತ್ತದೆ.

ಜಡ್ಜ್ ಆಗಬೇಕು ಅನ್ನುವವರು ಒಂದು ತೀರ್ಪನ್ನು ಗಮನಿಸಲೇಬೇಕು. 2025ರ ಮೇ 20ರಂದು ಸುಪ್ರೀಂ ಕೋರ್ಟು, ಸಿವಿಲ್ ಜಡ್ಜ್ ಪರೀಕ್ಷೆ ಬರೆಯಲು ಕನಿಷ್ಠ ಮೂರು ವರ್ಷದ ವಕೀಲಿ ಅನುಭವ ಬೇಕು ಅಂತ ಹೇಳಿತು. ಅದಕ್ಕೂ ಮೊದಲು ಹಲವು ರಾಜ್ಯಗಳಲ್ಲಿ ಪದವಿ ಮುಗಿಸಿದ ಕೂಡಲೇ ಬರೆಯಬಹುದಿತ್ತು. ಈ ಮೂರು ವರ್ಷ ತಾತ್ಕಾಲಿಕ ನೋಂದಣಿಯ, ಅಂದರೆ ಬಾರ್ ಪರೀಕ್ಷೆ ಪಾಸಾಗುವ ಮೊದಲೇ ಸಿಗುವ ನೋಂದಣಿಯ, ದಿನದಿಂದ ಎಣಿಕೆಯಾಗುತ್ತದೆ. ಅಂದರೆ ಜಡ್ಜ್ ಕುರ್ಚಿಯ ಮುಂಚೆ ಜೂನಿಯರ್ ಸ್ಟೂಲಿನ ಮೇಲೆ ಮೂರು ವರ್ಷ ಕೂರಲೇಬೇಕು. ಜೂನಿಯರ್‌ಗಳಿಗೆ ತಿಂಗಳಿಗೆ ನಗರಗಳಲ್ಲಿ 20,000, ಹಳ್ಳಿಗಾಡಿನಲ್ಲಿ 15,000 ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಡ್ಡಾಯ ಅಲ್ಲ. ನಾನು ನನ್ನ ಜೂನಿಯರ್‌ಗೆ ಇನ್ನೂ ಅಷ್ಟು ಕೊಡಲು ಆಗಿಲ್ಲ, ಹನ್ನೆರಡು ಸಾವಿರ ಕೊಡುತ್ತಿದ್ದೇನೆ. ಹಾಗಾಗಿ ಕಂತಿನ ಪಕ್ಕದಲ್ಲಿ ಆ ಮೂರು ವರ್ಷದ ಗಳಿಕೆಯನ್ನು ಬರೆಯದೆ ಯಾರೂ ಸಹಿ ಹಾಕಬೇಡಿ ಅನ್ನುತ್ತೇನೆ. ಒಂದು ಭಾರ ಮಾತ್ರ ಇಳಿದಿದೆ. 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ವಕೀಲರಾಗಿ ನೋಂದಣಿಗೆ ಸಾಮಾನ್ಯ ವರ್ಗದವರಿಂದ 750, ಪರಿಶಿಷ್ಟರಿಂದ 125 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಹಿಂದೆ ಹಲವು ರಾಜ್ಯಗಳಲ್ಲಿ ಇದು ಸಾವಿರಗಳಲ್ಲಿತ್ತು.

ಕಳೆದ ತಿಂಗಳು ನನ್ನ ಕಕ್ಷಿದಾರರೊಬ್ಬರು ಮಗಳನ್ನು ಕರೆದುಕೊಂಡು ಆಫೀಸಿಗೆ ಬಂದಿದ್ದರು. ಅವಳ ಕೈಯಲ್ಲೂ ಎರಡು ಸೀಟು. "ಮೇಡಂ, ನೀವೇ ಹೇಳಿಬಿಡಿ, ಯಾವುದು ತಗೊಳ್ಲಿ?" ಅಂದರು ಅಪ್ಪ. ನಾನು ಹೇಳಲಿಲ್ಲ. ಹುಡುಗಿಯನ್ನು ಕೇಳಿದೆ, "ಓದು ಮುಗಿದು ಮಾರನೇ ವರ್ಷ, ಬೆಳಿಗ್ಗೆ ಹತ್ತೂವರೆಗೆ ನೀನು ಎಲ್ಲಿರಬೇಕು ಅಂತ ಇದೀಯಾ?" ಅವಳು ಅಪ್ಪನ ಮುಖ ನೋಡಿದಳು, ಉತ್ತರ ಬರಲಿಲ್ಲ. ಸೋಮವಾರದಿಂದ ಒಂದು ವಾರ ನನ್ನ ಜೊತೆ ಕೋರ್ಟಿಗೆ ಬರಲು ಹೇಳಿದೆ. ಬಂದಳು. ಮೂರನೇ ದಿನ ನನ್ನ ಡೈರಿಯಲ್ಲಿ ಕೇಸಿನ ನಂಬರು ತಾನೇ ಬರೆದಳು. ಐದನೇ ದಿನ ಜೂನಿಯರ್‌ಗೆ ಸಂಬಳ ಎಷ್ಟು ಅಂತ ಅವನನ್ನೇ ಕೇಳಿದ್ದಾಳೆ.

ನಿನ್ನೆ ಫೋನ್ ಮಾಡಿದ್ದಳು. ದೊಡ್ಡ ಕಾಲೇಜಿನಲ್ಲಿ ಅರ್ಧ ಫೀಸು ಮನ್ನಾ ಆಗುವ ಸಾಧ್ಯತೆ ಇದೆಯಂತೆ. ಅದು ಸಿಕ್ಕರೆ ಕಂತು ಎಷ್ಟಕ್ಕೆ ಇಳಿಯುತ್ತದೆ ಅಂತ ಅವಳೇ ಲೆಕ್ಕ ಹಾಕಿಕೊಂಡಿದ್ದಳು. ಅರ್ಜಿಗೆ ಆದಾಯ ಪ್ರಮಾಣಪತ್ರ ಬೇಕು, ನಾಡಕಚೇರಿಯಿಂದ ಇನ್ನೂ ಬಂದಿಲ್ಲ. ಕೊನೆಯ ದಿನ ಶುಕ್ರವಾರ. ನಾಳೆ ಬೆಳಿಗ್ಗೆ ಕೋರ್ಟಿಗೆ ಮುಂಚೆ ಅಪ್ಪ ಮಗಳ ಜೊತೆ ನಾನೂ ಅಲ್ಲಿಗೆ ಹೋಗುತ್ತಿದ್ದೇನೆ.